ಏಳು ಹತ್ತರ ಮಾತ್ರೆ

ಜನವರಿ 7, ಸೋಮವಾರ

ಏಳು ಹತ್ತಕ್ಕೆ ಸರಿಯಾಗಿ ಬೋಂಗ್-ಚಿ ಅಜ್ಜಿಯ ಬಾಗಿಲು. ಎಪ್ಪತ್ತೆಂಟನೇ ದಿನ. ಮೂರು ಮಾತ್ರೆ ಅಂಗೈಗೆ ಹಾಕಿದೆ. ಅಜ್ಜಿ ಊದುಬತ್ತಿ ಹಚ್ಚಿದಳು, ಗೋಡೆಗೂಡಿನ ಮನೆದೇವರು ಭೂಮಿಯಜ್ಜನ ಮುಂದೆ ಮೂರು ಸಲ ತಲೆ ಬಾಗಿಸಿದಳು, ಕೈ ಬಾಯಿಗೆ ಹೋಯಿತು, ಮೇಲೊಂದು ಗುಟುಕು ಟೀ. ಆಯ್ತು. ನಾನು ಹೊಸ್ತಿಲ ಬೆಂಚಿನಲ್ಲಿ ಕೂತು ಪುಸ್ತಕದಲ್ಲಿ ಟಿಕ್ ಹಾಕಿದೆ.

ಇದು ನನ್ನ ಐಡಿಯಾ! ನವೆಂಬರಿನಲ್ಲಿ ಹೊಳೆದದ್ದು. ಮಾತ್ರೆ ಮರೆಯುವ ಜನ ಊದುಬತ್ತಿ ಮಾತ್ರ ಯಾಕೆ ಮರೆಯೋದಿಲ್ಲ? ಜ್ವರ ಬಂದರೂ, ಚಂಡಮಾರುತ ಬಂದರೂ ದೇವರಿಗೆ ಎರಡು ಹೊತ್ತು ಕಡ್ಡಿ ಹಚ್ಚದೆ ಇರುವ ಮುದುಕಿ ನಮ್ಮ ಬಂದರಿನಲ್ಲಿ ಒಬ್ಬಳೂ ಇಲ್ಲ. ಹಾಗಾದರೆ ಮಾತ್ರೆಯನ್ನು ಊದುಬತ್ತಿಗೆ ಕಟ್ಟಿಬಿಡು. ಅಷ್ಟೇ. ಈಗ ನನ್ನ ಏಳು ರೋಗಿಗಳಲ್ಲಿ ನಾಲ್ವರು ದೇವರ ಮುಂದೆಯೇ ನುಂಗುವುದು. ಲಿಯಾವ್ ಸಿಸ್ಟರ್ ಇವತ್ತು ಆರೋಗ್ಯ ಕೇಂದ್ರದ ಆಫೀಸಿನಲ್ಲಿ ಎಲ್ಲರೆದುರು ಹೇಳಿದರು, ಹದಿನೆಂಟಕ್ಕೆ ಜಿಲ್ಲೆಯ ಸಭೆ ಇದೆ, ಅಲ್ಲಿ ನೀನೇ ನಿಂತು ಇದನ್ನು ವಿವರಿಸಬೇಕು ಅಂತ. ನಾನು! ಹೋದ ವರ್ಷದವರೆಗೂ ಬಸ್ ಸ್ಟ್ಯಾಂಡಿನ ಕಿಟಕಿಯಲ್ಲಿ ಟಿಕೆಟ್ ಹರಿಯುತ್ತಿದ್ದವಳು.

ಕೈಕಾಲು ನಿಲ್ಲುತ್ತಿಲ್ಲ. ಎರಡು ಬಟ್ಟಲು ಅನ್ನ ಹೆಚ್ಚಿಗೆ ತಿಂದೆ.

ಜನವರಿ 8

ಅಜ್ಜಿಗೆ ಟೀಬಿ ಅಂತ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾಗಲೂ ಬಾರದು, ಅದು ನಮ್ಮಿಬ್ಬರ ಕರಾರು. ದಿನಾ ಬೆಳಿಗ್ಗೆ ಯಾರಿವಳು ಬರೋದು ಅಂತ ಕೇಳಿದವರಿಗೆ ಅಜ್ಜಿಯೇ ಕಥೆ ಕಟ್ಟಿದಾಳೆ: ದೂರದ ಸಂಬಂಧದ ಸೊಸೆ, ಶ್ಯಾವಿಗೆ ಸಾರು ಕಲಿಯೋಕೆ ಬರ್ತಾಳೆ. ಸುಳ್ಳು ಹೇಳಿದ ಮೇಲೆ ಅದನ್ನು ಸಾಕಬೇಕಲ್ಲ... ಹಾಗಾಗಿ ದಿನಕ್ಕೊಂದು ಪಾಠ ನಿಜವಾಗಿಯೂ ನಡೆಯುತ್ತದೆ. ಇವತ್ತು ಸಣ್ಣ ಈರುಳ್ಳಿ. ಹಂದಿ ಕೊಬ್ಬಿನಲ್ಲಿ ಹುರಿಯಬೇಕು, ಬಣ್ಣ ಬರುವ ಮೊದಲೇ ಇಳಿಸಬೇಕು. ಬಣ್ಣ ಬಂದ ಮೇಲೆ ಇಳಿಸಿದರೆ ಅದು ತಪ್ಪಲೆಯಲ್ಲೇ ಕರಕಲಾಗುತ್ತದಂತೆ.

ಈ ಸಾರಿಗಾಗಿಯೇ ಅಜ್ಜಿ ಬದುಕಿರುವುದು ಎಂದರೂ ತಪ್ಪಿಲ್ಲ. ನಮ್ಮ ಚಾಂದ್ರ ಪಂಚಾಂಗದ ಮೂರನೇ ತಿಂಗಳ ಇಪ್ಪತ್ತಮೂರು, ಕಡಲ ದೇವತೆ ಮಾಜು ತಾಯಿಯ ಹುಟ್ಟುಹಬ್ಬ. ದೇವಸ್ಥಾನದ ಅಡುಗೆಮನೆಯಲ್ಲಿ ಅಜ್ಜಿಯ ಕಡಾಯಿ, ಅಜ್ಜಿಯ ಸೌಟು. ನಲವತ್ತೊಂದು ವರ್ಷ ಒಂದೇ ಒಂದು ಸಲ ತಪ್ಪಿಲ್ಲ. ಗಂಡ ಸತ್ತ ವರ್ಷ ಮಾತ್ರ ಸೂತಕ ಅಂತ ಬಾಗಿಲಾಚೆ ಕೂತು ಬಾಯಲ್ಲೇ ಅಡುಗೆ ಮಾಡಿಸಿದಳಂತೆ. ಈಗ ಕಫ ಶುದ್ಧ ಆಗುವ ತನಕ ಅಡುಗೆಮನೆಗೆ ಕಾಲಿಡಬಾರದು ಎಂದು ಡಾಕ್ಟರು ಹೇಳಿದಾರೆ. ದೇವಸ್ಥಾನದವರಿಗೆ ಕಾಲು ನೋವು ಅಂತ ಹೇಳಿ ಕಳಿಸಿದಾಳೆ. ಸೌಟು ಸದ್ಯಕ್ಕೆ ಎದುರು ಮನೆ ಸುಯ್-ಕೀ ಕೈಯಲ್ಲಿದೆ. ಆ ಹೆಸರು ಎತ್ತಿದರೆ ಸಾಕು, ಅಜ್ಜಿಗೆ ಕೆಮ್ಮು ಬರುತ್ತದೆ.

ಸುಯ್-ಕೀ ದೋಣಿಗೆ ಹೊಸ ಇಂಜಿನ್ ಹಾಕಿಸಲೋ ಬೇಡವೋ ಎಂದು ಮಾಜು ತಾಯಿಯನ್ನು, ಶಕುನದ ಮರದ ತುಂಡು ಎಸೆದು, ನಾಲ್ಕು ಸಲ ಕೇಳಿದಳಂತೆ. ಮೂರು ಸಲ ಬೇಡ ಎಂದು ಬಂತು, ನಾಲ್ಕನೇ ಸಲ ಹೌದು ಎಂದಾಗ ಎದ್ದು ಬಂದಳಂತೆ. ಅಜ್ಜಿ ಅದನ್ನು ಸಹಿಸೋದಿಲ್ಲ. "ಒಂದು ಸಲ ಹೇಳಿದ್ದನ್ನ ಮತ್ತೆ ಮತ್ತೆ ಕೇಳೋದು ಭಕ್ತಿ ಅಲ್ಲ ಕಣೇ, ಅನುಮಾನ. ನಾನು ಆಸ್ಪತ್ರೆಗೆ ಹೋಗ್ಲಾ ಅಂತ ತಾಯೀನ ಕೇಳ್ದೆ. ಮೂರು ಸಲ ಎಸೆದೆ, ಮೂರಕ್ಕೂ ಹೌದು ಅಂದ್ಲು. ಸುಮ್ನೆ ಕಾರು ಹತ್ತಿದೆ."

ಜನವರಿ 11, ಶುಕ್ರವಾರ

ಶನಿವಾರ ಭಾನುವಾರ ನನಗೆ ರಜ. ಮಾತ್ರೆಗೆ ರಜ ಇಲ್ಲ. ಅದಕ್ಕೂ ಒಂದು ದಾರಿ ಕಂಡುಹಿಡಿದೆ — ಗೋಡೆಯ ಕ್ಯಾಲೆಂಡರು! ದಿನಕ್ಕೊಂದು ಹಾಳೆ ಹರಿಯುವ ದಪ್ಪದ್ದು. ಇವತ್ತು ಏನು ಮಾಡಬಹುದು, ಏನು ಮಾಡಬಾರದು ಎಂದು ಅಜ್ಜಿ ಅದನ್ನು ನೋಡದೆ ಉಗುರು ಕೂಡ ಕತ್ತರಿಸಲ್ಲ. ಶನಿವಾರದ ಹಾಳೆಗೆ ಮೂರು ಮಾತ್ರೆಯ ಪೊಟ್ಟಣ ಪಿನ್ ಮಾಡಿದೆ, ಭಾನುವಾರದ್ದಕ್ಕೆ ಇನ್ನೊಂದು. ಹಾಳೆ ಹರಿದರೆ ಮಾತ್ರೆ ಕೈಗೆ ಬರಲೇಬೇಕು.

ಅಜ್ಜಿ ಬಹಳ ಹೊತ್ತು ನೋಡಿದಳು. ನೀನು ಬಲೇ ಘಾಟಿ ಕಣೇ ಅಂದಳು. ಹೊಗಳಿದ್ದೇ ಇರಬೇಕು.

ಜನವರಿ 14

ಎರಡೂ ಪೊಟ್ಟಣ ಖಾಲಿ. ಗೆದ್ದೆ.

ಜನವರಿ 18, ಶುಕ್ರವಾರ

ಅರವತ್ತು ಜನರ ಸಭೆ. ಮೊದಲ ಎರಡು ನಿಮಿಷ ಕಾಗದ ನೋಡಿ ಓದಿದೆ. ಆಮೇಲೆ ಊದುಬತ್ತಿ ವಿಷಯಕ್ಕೆ ಬಂದೆ ನೋಡು, ನಕ್ಕರು, ಬರೆದುಕೊಂಡರು, ಫೋಟೋ ತೆಗೆದರು. ಬೆಟ್ಟದ ಕಡೆಯ ಒಬ್ಬಳು ಎದ್ದು, ನಮ್ಮ ಹಳ್ಳಿಯಲ್ಲೂ ಇದನ್ನೇ ಮಾಡ್ತೀನಿ ಅಂದಳು. ಬಹುಮಾನ ಒಂದು ಥರ್ಮಾಸ್ ಫ್ಲಾಸ್ಕು, ಕೆಂಪು ರಿಬ್ಬನ್ ಕಟ್ಟಿದ್ದು.

ಒಂದೇ ಒಂದು ಪ್ರಶ್ನೆ ಬಂತು, ಹಿಂದಿನ ಸಾಲಿನಿಂದ: ನುಂಗಿದ ಮೇಲೆ ನಾಲಿಗೆ ಎತ್ತಿಸಿ ನೋಡ್ತೀರಾ? ನಿಯಮ ಹಾಗಿದೆ. ನಾನು ಹೇಳಿದೆ, ದೇವರ ಮುಂದೆ ನಿಂತವಳ ಬಾಯಿ ತೆರೆಸಿ ಟಾರ್ಚ್ ಬಿಡೋದು ಹೇಗೆ, ನಂಬಿಕೆ ಮುಖ್ಯ ಅಂತ. ಚಪ್ಪಾಳೆ ಬಿತ್ತು.

ಜನವರಿ 22, ಮಂಗಳವಾರ

ಕಫದ ರಿಪೋರ್ಟು ಬಂತು. ಬೋಂಗ್-ಚಿ ಅಜ್ಜಿಯದು. ರೋಗಾಣು ಇನ್ನೂ ಇದೆ.

ಮೂರು ತಿಂಗಳು ಆಯಿತು. ಒಂದೂ ದಿನ ತಪ್ಪದೆ ನುಂಗಿದಾಳೆ. ನನ್ನ ಪುಸ್ತಕದಲ್ಲಿ ಒಂದೂ ಖಾಲಿ ಚೌಕ ಇಲ್ಲ. ಮತ್ತೆ ಹೇಗೆ? ಡಾಕ್ಟರಿಗೆ ಒಂದೇ ಅನುಮಾನ: ಈ ಮಾತ್ರೆಗೆ ಬಗ್ಗದ ಜಾತಿಯ ರೋಗಾಣು ಇರಬೇಕು. ಅದರ ಟೆಸ್ಟಿಗೆ ಕಳಿಸಿದಾರೆ, ಐದಾರು ವಾರ ಆಗುತ್ತದೆ. ಹೌದು ಎಂದಾದರೆ ಬೇರೆ ಮಾತ್ರೆ, ಸೂಜಿ, ಒಂದೂವರೆ ವರ್ಷ. ಎಪ್ಪತ್ತಾರರ ಹೆಂಗಸು ಅದನ್ನು ತಡೆಯುತ್ತಾಳಾ ಎಂದು ಲಿಯಾವ್ ಸಿಸ್ಟರ್ ನನ್ನನ್ನೇ ಕೇಳಿದರು.

ಅಜ್ಜಿಗೆ ಹೇಳಿದೆ. ಈರುಳ್ಳಿ ಹೆಚ್ಚುತ್ತಿದ್ದಳು. ಹಾಗಾದ್ರೆ ಮೂರನೇ ತಿಂಗಳಿಗೆ ಆಗಲ್ಲ ಅನ್ನು ಎಂದು ಒಂದೇ ಮಾತು. ಕಣ್ಣು ಒರೆಸಿಕೊಂಡಳು, ಈರುಳ್ಳಿ ಅಂದಳು.

ಫೆಬ್ರವರಿ 4, ಸೋಮವಾರ. ಹನ್ನೆರಡನೇ ತಿಂಗಳ ಇಪ್ಪತ್ತನಾಲ್ಕು

ಏನಂತ ಬರೆಯಲಿ.

ಇವತ್ತು ದೇವರುಗಳು ವರ್ಷದ ವರದಿ ಒಪ್ಪಿಸೋಕೆ ಮೇಲಕ್ಕೆ ಹೋಗುವ ದಿನ. ನಾನು ಹೋಗುವಷ್ಟರಲ್ಲಿ ಅಜ್ಜಿ ಕಾಗದದ ಕುದುರೆ ಸುಟ್ಟು ಭೂಮಿಯಜ್ಜನನ್ನು ಕಳಿಸಿ ಆಗಿತ್ತು. ಗೂಡು ತೊಳೆಯೋದು, ಊದುಬತ್ತಿ ಕುಂಡದ ಬೂದಿ ಜರಡಿ ಹಿಡಿಯೋದು, ಇವೆಲ್ಲ ವರ್ಷಕ್ಕೆ ಒಂದೇ ಸಲ, ಅವನು ಮನೆಯಲ್ಲಿ ಇಲ್ಲದಾಗ ಮಾತ್ರ. ಬೇರೆ ದಿನ ಕುಂಡವನ್ನು ಒಂದು ಬೆರಳಷ್ಟೂ ಅಲುಗಿಸುವ ಹಾಗಿಲ್ಲ. ಅಜ್ಜಿ ನಿನ್ನೆ ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಉಳುಕಿಸಿಕೊಂಡಿದ್ದಳು. ನಾನು ಮಾಡ್ತೀನಿ ಬಿಡಿ ಎಂದೆ. ಬೇಡ, ನಾಳೆ ನಾನೇ ಮಾಡ್ತೀನಿ ಅಂದಳು. ಇವತ್ತೇ ಅಲ್ವಾ ಮಾಡಬೇಕಾದ್ದು ಎಂದು ಜರಡಿ ತಂದೇಬಿಟ್ಟೆ. ನನಗೆ ಉತ್ಸಾಹ ಬಂದರೆ ಯಾರ ಮಾತೂ ಕೇಳಿಸೋದಿಲ್ಲ.

"ಲಾನ್, ಬೇಡ ಕಣೇ," ಅಂದಳು. ಅಷ್ಟರಲ್ಲಿ ನಾನು ಮೊದಲ ಚಮಚ ಹಾಕಿ ಆಗಿತ್ತು. ಬೂದಿ ಕೆಳಗೆ ಇಳಿಯಿತು. ಜರಡಿಯಲ್ಲಿ ಏನೋ ಟಕಟಕ ಅಂತು. ಕೆಂಪು-ಕಂದು.

ನೂರಾ ಎರಡು. ಲೆಕ್ಕ ಹಾಕಿದೆ, ನೆಲದ ಮೇಲೆ ಕೂತು, ಮೂರು ಮೂರೇ ಜೋಡಿಸಿ. ಮೂವತ್ತನಾಲ್ಕು ದಿನದ ಮಾತ್ರೆ. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಅಂತಾರಲ್ಲ, ಅದನ್ನು ಕಣ್ಣಾರೆ ಕಂಡೆ. ನಾನು ಹೊಸ್ತಿಲ ಬೆಂಚಿನಲ್ಲಿ ಕೂತು ನೋಡುತ್ತಿದ್ದದ್ದು ಅಜ್ಜಿಯ ಬೆನ್ನು! ಮೂರು ತಿಂಗಳು ಬೆನ್ನು ನೋಡಿ ಟಿಕ್ ಹಾಕಿದೀನಿ. ಅದಕ್ಕೆ ಬಹುಮಾನ ಬೇರೆ.

ಸಿಟ್ಟು ಬಂತು. ಅಜ್ಜಿ ಮೇಲಲ್ಲ. ನಿಜ ಬರೆಯುವುದಾದರೆ, ಅಜ್ಜಿ ಮೇಲೂ.

ಯಾಕೆ ಎಂದು ಕೇಳಿದೆ. ಅಜ್ಜಿ ಗೂಡಿನ ಕೆಳಗಿನ ಡ್ರಾಯರ್ ಎಳೆದು ಎರಡು ಪೋಯ್ ತುಂಡು ತೆಗೆದಳು, ಅರ್ಧ ಚಂದ್ರದ ಹಾಗಿನ ಮರದ ಜೋಡಿ, ಹಿಡಿದು ಹಿಡಿದು ನುಣುಪಾದವು. ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಕೇಳ್ತಾಳಂತೆ — ಇವತ್ತು ನುಂಗಲೋ ಬೇಡವೋ. ಒಂದು ಅಂಗಾತ ಒಂದು ಮಗುಚಿ ಬಿದ್ದರೆ ಹೌದು. ಎರಡೂ ಮಗುಚಿದರೆ ಬೇಡ. ಎರಡೂ ಅಂಗಾತ ಬಿದ್ದರೆ ದೇವರು ನಗ್ತಿದಾನೆ ಅಂತ. ಬೇಡ ಅಂದ ದಿನ, ನಕ್ಕ ದಿನ, ಮಾತ್ರೆ ಕುಂಡಕ್ಕೆ. ಶನಿವಾರ ಭಾನುವಾರದ್ದೂ ಹಾಗೇ. ಪಿನ್ ಮಾತ್ರ ನಿಯತ್ತಾಗಿ ಬಿಚ್ಚಿದಾಳೆ.

"ಹೌದು ಅಂದ ದಿನ ನುಂಗಿದೀನಿ ಕಣೇ. ಅದ್ರಲ್ಲಿ ಸುಳ್ಳಿಲ್ಲ."

"ನಂಗೆ ಒಂದು ಮಾತು ಹೇಳಬಾರದಿತ್ತಾ ಅಜ್ಜಿ?"

"ಆ ಚಳೀಲಿ ಸ್ಕೂಟರ್ ಮೇಲೆ ಮೂಗು ಕೆಂಪು ಮಾಡ್ಕೊಂಡು ಬರ್ತೀಯ. ಬೇಡ ಅಂದ್ರೆ ನಿನ್ನ ಮುಖ ನೋಡೋದು ಹೇಗೆ? ಕಸದ ಲಾರಿಗೆ ಹಾಕಿದ್ರೆ ಬೀದಿಗೆಲ್ಲ ಕಾಣ್ಸುತ್ತೆ. ದೇವರ ಬೂದೀಲಿ ಹಾಕಿದ್ರೆ ದೇವರಿಗೆ ಬಿಟ್ಟದ್ದು."

ಎಂದಿನಿಂದ ಎಂದು ಕೇಳಿದೆ. ತಲೆ ತಗ್ಗಿಸಿ ಮೆಲ್ಲಗೆ ಹೇಳಿದಳು. ನವೆಂಬರಿನಲ್ಲಿ ಒಂದು ಬೆಳಿಗ್ಗೆ ಪಾಯಿಖಾನೆಯಲ್ಲಿ ನೋಡಿದರೆ ಉಚ್ಚೆ ಕೆಂಪು. ರಕ್ತ ಹೋಗ್ತಿದೆ, ಈ ಮಾತ್ರೆ ಒಳಗಿನಿಂದ ಕೊಯ್ತಿದೆ ಅಂದುಕೊಂಡಳಂತೆ. ಯಾರನ್ನು ಕೇಳುವುದು? ಭೂಮಿಯಜ್ಜನನ್ನು ಕೇಳಿದಳು.

ಅದು ರಕ್ತ ಅಲ್ಲ, ಮಾತ್ರೆಯ ಬಣ್ಣ. ಎಲ್ಲರಿಗೂ ಹಾಗೇ ಆಗುತ್ತದೆ. ಕೈಪುಸ್ತಕದ ಆರನೇ ಪುಟ. ಮೊದಲ ವಾರ ನಾನೇ ಅಜ್ಜಿಗೆ ಓದಿ ಹೇಳಬೇಕಿತ್ತು. ಓದುತ್ತಲೂ ಇದ್ದೆ. ಐದನೇ ಪುಟ ಮುಗಿಯುವಾಗ ಸುಯ್-ಕೀ ಒಳಗೆ ಬಂದಳು. ಪುಸ್ತಕ ಕುಂಡೆ ಕೆಳಗೆ ಹಾಕಿಕೊಂಡು ಶ್ಯಾವಿಗೆ ಮಾತು ತೆಗೆದೆ. ಆರನೇ ಪುಟಕ್ಕೆ ಮತ್ತೆ ಹೋಗಲೇ ಇಲ್ಲ. ಮರೆತೆ.

ಮರೆತದ್ದು ಅಜ್ಜಿಯಲ್ಲ. ನಾನು.

ಅಲ್ಲೇ ಕೂತು ಆರನೇ ಪುಟ ಓದಿದೆ, ಎರಡು ಸಲ. ತಪ್ಪಾಯ್ತು ಎಂದೆ. ಅಜ್ಜಿ ಪುಟದ ಚಿತ್ರ ನೋಡಿದಳು, ನನ್ನ ಮುಖ ನೋಡಿದಳು, ಬಾಯ್ಮೇಲೆ ಕೈ ಇಟ್ಟುಕೊಂಡಳು. ಮೂರು ತಿಂಗಳು ಸಾಯ್ತೀನಿ ಅಂತ ಕಾಯ್ತಿದ್ನಲ್ಲೇ ಅಂದಳು. ಇವತ್ತಿನ ಮೂರು ಮಾತ್ರೆ ಅಂಗೈಗೆ ಹಾಕಿದೆ. ಖಾಲಿ ಗೂಡಿನ ಕಡೆ ಒಂದು ಸಲ ನೋಡಿದಳು.

"ಕೇಳೋಣ ಅಂದ್ರೆ ಅವನೂ ಊರಲ್ಲಿಲ್ಲ," ಎಂದು ನುಂಗಿದಳು. ನನ್ನ ಕಡೆ ಮುಖ ಮಾಡಿ. ನಾಲಿಗೆ ಎತ್ತಿ ತೋರಿಸಿದಳು, ಕೇಳದೇ.

ಫೆಬ್ರವರಿ 5

ಫ್ಲಾಸ್ಕು ಹಿಡಿದುಕೊಂಡು ಲಿಯಾವ್ ಸಿಸ್ಟರ್ ಮೇಜಿನ ಮುಂದೆ ನಿಂತೆ. ಎಲ್ಲ ಹೇಳಿದೆ. ಬೂದಿ, ನೂರಾ ಎರಡು, ಬೆನ್ನು, ಆರನೇ ಪುಟ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ ಇತ್ತು. ಕೆಲಸ ಹೋದರೆ ಮತ್ತೆ ಟಿಕೆಟ್ ಕಿಟಕಿ ಎಂದು ರಾತ್ರಿಯೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಸಿಸ್ಟರ್ ಪೆನ್ನು ಕೆಳಗಿಟ್ಟರು. ಮೊದಲು ಡಾಕ್ಟರಿಗೆ ಫೋನು. ಡಾಕ್ಟರಿಗೆ ಸಮಾಧಾನವೇ ಆಯಿತಂತೆ — ಅರ್ಧಂಬರ್ಧ ನುಂಗಿದರೆ ರೋಗಾಣು ಉಳಿಯದೆ ಇನ್ನೇನು. ಆದರೆ ಅರ್ಧಂಬರ್ಧದಲ್ಲೇ ಅದು ಹಟ ಕಲಿಯುವುದೂ ಉಂಟು. ಟೆಸ್ಟ್ ಬರುವವರೆಗೆ ಇದೇ ಮಾತ್ರೆ, ಲೆಕ್ಕ ಒಂದರಿಂದ. ಆಮೇಲೆ ನನ್ನ ಕಡೆ ತಿರುಗಿದರು.

"ನಿನ್ನ ಐಡಿಯಾ ಸರಿಯಾಗೇ ಇದೆ ಕಣಮ್ಮ. ನೀನು ಕೂತ ಜಾಗ ಸರಿಯಿಲ್ಲ."

ಬೆಟ್ಟದ ಕಡೆಯವಳಿಗೆ ನಾನೇ ಫೋನ್ ಮಾಡಿ ಎಲ್ಲ ಹೇಳಬೇಕು ಎಂದರು. ಮಾಡಿದೆ. ಕಿವಿ ಇನ್ನೂ ಬಿಸಿ ಇದೆ. ಫ್ಲಾಸ್ಕು ಮೇಜಿನ ಮೇಲೆ ಬಿಟ್ಟು ಬಂದೆ.

ಫೆಬ್ರವರಿ 9, ಶನಿವಾರ. ವರ್ಷದ ಕೊನೆ ದಿನ

ರಜ. ಹೋದೆ. ಹೊಸ ಲೆಕ್ಕದಲ್ಲಿ ಆರನೇ ದಿನ. ಎದುರುಬದುರು ಸ್ಟೂಲು ಹಾಕಿ ಕೂತು ನುಂಗಿಸೋದು. ದೇವರು ಇಲ್ಲದ ಮನೆಯಲ್ಲಿ ಅಜ್ಜಿಗೆ ಕೇಳಲು ಯಾರೂ ಇಲ್ಲ, ಅದಕ್ಕೇ ದಿನಾ ನುಂಗುತ್ತಿದಾಳೆ. ಕೆಂಪು ಕಂಡರೆ ಈಗ ನಗ್ತಾಳೆ. ಇವತ್ತು ಚೆನ್ನಾಗಿ ಬಣ್ಣ ಬಂದಿದೆ ಎಂದು ಬಾಗಿಲಲ್ಲೇ ವರದಿ ಒಪ್ಪಿಸಿದಳು!

ಖುಷಿ ಆಗುತ್ತದೆ, ಹಿಂದೆಯೇ ಹೆದರಿಕೆ. ಹೊಸ ವರ್ಷದ ನಾಲ್ಕನೇ ದಿನ ದೇವರುಗಳು ವಾಪಸ್. ಐದನೇ ದಿನ ಬೆಳಿಗ್ಗೆ ಐದು ಗಂಟೆಗೆ ಆ ಡ್ರಾಯರ್ ಮತ್ತೆ ತೆರೆಯುತ್ತದೆ. ಬಣ್ಣದ ಭಯ ಹೋಗಿರಬಹುದು. ಕೇಳುವ ಚಾಳಿ ಹೋಗಿದೆಯಾ? ಕೇಳಿದರೆ ಬೇಡ ಎಂದು ಬರೋದಕ್ಕೆ ಎಷ್ಟು ಹೊತ್ತು? ನಾನು ದೇವರನ್ನು ನಂಬದವಳಲ್ಲ. ಬಸ್ ಸ್ಟ್ಯಾಂಡ್ ಬಿಡುವಾಗ ನಾನೂ ಎಸೆದು ಕೇಳಿದವಳೇ. ಅಜ್ಜಿಗೆ ಕೇಳಬೇಡಿ ಎಂದು ಯಾವ ಬಾಯಲ್ಲಿ ಹೇಳಲಿ?

ಫೆಬ್ರವರಿ 11

ಪಟಾಕಿ ಸದ್ದಿನಲ್ಲಿ ಹೊಳೆಯಿತು! ಒಲೆ ಮುಂದೆ ನಿಂತಿದ್ದೆ, ಮೂಲಂಗಿ ಕಡುಬು ಸುಡುತ್ತಿತ್ತು, ಸುಟ್ಟೇಹೋಯಿತು. ಜನವರಿ ಎಂಟನೇ ತಾರೀಖು ಬರೆದದ್ದು ತೆಗೆದು ಓದಿದೆ. ಇದೆ, ಇದೆ, ಅಜ್ಜಿಯ ಬಾಯಿಂದಲೇ ಬಂದದ್ದು ಇದೆ. ನಾಡಿದ್ದು ನೋಡೋಣ.

ಫೆಬ್ರವರಿ 13, ಬುಧವಾರ, ಸಂಜೆ

ಮಧ್ಯಾಹ್ನ ನಾಲ್ಕಕ್ಕೇ ಹೋಗಿ ಕೂತೆ. ಹಣ್ಣು, ಮೂರು ಲೋಟ ಟೀ, ಸಿಹಿ ಉಂಡೆ. ಅಜ್ಜಿ ಭೂಮಿಯಜ್ಜನನ್ನು ಬರಮಾಡಿಕೊಂಡಳು. ಹತ್ತು ದಿನ ಆಯ್ತಲ್ಲ, ಮೇಲೆ ಊಟ ಸರಿಯಾಗಿ ಹಾಕಿದ್ರಾ ಎಂದು ವಿಚಾರಿಸಿದಳು. ಆಮೇಲೆ ಕೈ ಡ್ರಾಯರಿಗೆ ಹೋಯಿತು. ನಾಳೆ ಬೆಳಿಗ್ಗೆವರೆಗೂ ಕಾಯಲೇ ಇಲ್ಲ.

ಅಜ್ಜಿ, ಒಂದು ನಿಮಿಷ ಎಂದೆ.

"ಆಸ್ಪತ್ರೆಗೆ ಹೋಗೋಕೆ ಮುಂಚೆ ಯಾರನ್ನ ಕೇಳಿದ್ರಿ?"

"ಮಾಜು ತಾಯೀನ."

"ಎಷ್ಟು ಸಲ ಹೌದು ಅಂದ್ಲು?"

"ಮೂರಕ್ಕೆ ಮೂರು. ಊರಿಗೆಲ್ಲ ಗೊತ್ತು."

"ಆಸ್ಪತ್ರೆಗೆ ಹೋಗು ಅಂದ್ರೆ ಡಾಕ್ಟರ್ ಮುಖ ನೋಡ್ಕೊಂಡು ಬಾ ಅಂತಲೋ, ಕೊಟ್ಟ ಮಾತ್ರೆ ನುಂಗು ಅಂತಲೋ?"

ಅಜ್ಜಿ ಪೋಯ್ ತುಂಡುಗಳನ್ನು ಕೈಯಲ್ಲಿ ಹೊರಳಿಸಿದಳು. ನಾನು ಬಿಡಲಿಲ್ಲ.

"ತಾಯಿ ದೊಡ್ಡವಳಾ, ಮನೆ ಭೂಮಿಯಜ್ಜ ದೊಡ್ಡವನಾ? ಮೇಲಿನ ಸಾಹೇಬರು ಸಹಿ ಹಾಕಿದ ಮೇಲೆ ದಿನಾ ಬೆಳಿಗ್ಗೆ ಗುಮಾಸ್ತನ್ನ ಎಬ್ಬಿಸಿ, ಸಹಿ ಸರಿಯಿದೆಯಾ ಅಂತ ಕೇಳಿದ್ರೆ ಸಾಹೇಬರಿಗೆ ಅವಮಾನ ಅಲ್ವಾ? ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರೆ. ಇಲ್ಲಿ ಪೂಜಾರಿ ಏನೂ ಅಂದಿಲ್ಲ, ನೀವೇ ಅವನ ಬಾಯಿಗೆ ಕೋಲು ಹಾಕಿ ಬೇಡ ಅನ್ನಿಸ್ತಿದೀರಿ. ಒಂದು ಸಲ ಹೇಳಿದ್ದನ್ನ ಮತ್ತೆ ಮತ್ತೆ ಕೇಳೋದು ಭಕ್ತಿ ಅಲ್ಲ, ಅನುಮಾನ. ಇದು ಯಾರ ಮಾತು?"

ಅಜ್ಜಿಯ ಮುಖ ನೋಡಬೇಕಿತ್ತು. ತಾನು ಸುಯ್-ಕೀಗೆ ಬೀಸಿದ ಸೌಟು ತಿರುಗಿ ತನ್ನ ಬೆನ್ನಿಗೇ ಬಿದ್ದಿತ್ತು. ಸುಯ್-ಕೀ ಹಾಗೆ ಆಗ್ಬಿಟ್ನಾ ನಾನು ಎಂದು ತನ್ನಷ್ಟಕ್ಕೆ ಗೊಣಗಿದಳು. ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ಆದರೂ ತುಂಡುಗಳನ್ನು ಕೆಳಗೆ ಇಡಲಿಲ್ಲ. ಇಷ್ಟು ದಿನ ಕೇಳಿ ಈಗ ಹೇಳದೆ ಕೇಳದೆ ನಿಲ್ಲಿಸೋದು ಮರ್ಯಾದೆ ಅಲ್ಲವಂತೆ. ಮೊಣಕಾಲೂರಿ ಕೂತಳು. ಜೋರಾಗಿ ಕೇಳಿದಳು, ನನಗೂ ಕೇಳಿಸಲಿ ಅಂತ: "ಭೂಮಿಯಜ್ಜ, ತಾಯಿ ಹೇಳಿದ ಮಾತ್ರೆ ದಿನಾ ನುಂಗ್ತೀನಿ. ಇನ್ನು ನಿನ್ನ ಕೇಳಲ್ಲ. ಸರೀನಾ?"

ಎಸೆದಳು. ನೆಲದ ಮೇಲೆ ಟಕ್, ಟಕ್. ಒಂದು ಗೋಡೆಯವರೆಗೂ ಉರುಳಿ ನಿಂತಿತು.

ಎರಡೂ ಅಂಗಾತ. ನಗು.

ನಕ್ಕ ದಿನಗಳ ಮಾತ್ರೆ ಎಲ್ಲಿಗೆ ಹೋಗುತ್ತಿತ್ತು ಎಂದು ಎಣಿಸಿದವಳು ನಾನೇ. ಅಜ್ಜಿ ತುಂಡುಗಳನ್ನೇ ನೋಡುತ್ತ ಕೂತಳು. ಗೂಡನ್ನು ನೋಡಿದಳು. ಮೆಲ್ಲಗೆ ಅವಳ ಭುಜ ಅಲುಗಲು ಶುರುವಾಯಿತು. ಅಳ್ತಿದಾಳೆ ಅಂದುಕೊಂಡೆ. ನಗುತ್ತಿದ್ದಳು, ಹಲ್ಲಿಲ್ಲದ ಬಾಯಿ ತುಂಬ.

"ಗೊತ್ತಿದ್ದೂ ಕೇಳ್ತೀಯಲ್ಲೇ ಮುದುಕಿ ಅಂತಾನೆ ಕಣೇ! ಇಷ್ಟು ದಿನಾನೂ ಅದಕ್ಕೇ ನಗ್ತಿದ್ದ. ನಂಗೆ ತಿಳೀಲಿಲ್ಲ."

ತುಂಡುಗಳನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಡ್ರಾಯರ್ ಮುಚ್ಚಿದಳು. ನಾನು ಸ್ಕೂಟರ್ ಮೇಲೆ ಮನೆಯವರೆಗೂ ಜೋರಾಗಿ ಹಾಡುತ್ತ ಬಂದೆ. ದಾರಿಯಲ್ಲಿ ಬೀದಿನಾಯಿಗಳು ಎದ್ದು ನಿಂತವು.

ಫೆಬ್ರವರಿ 14

7:10. ನುಂಗಿದಳು. ನಾಲಿಗೆ ನೋಡಿದೆ. ಡ್ರಾಯರ್ ಮುಚ್ಚಿದ ಹಾಗೇ ಇದೆ.

ಮಾರ್ಚ್ 1, ಶುಕ್ರವಾರ

ಬಂತು! ಬಗ್ಗುವ ಜಾತಿ! ಇದೇ ಮಾತ್ರೆಗೆ ಬಗ್ಗುತ್ತದೆ! ಆಫೀಸಿನಲ್ಲೇ ಕೂಗಿಬಿಟ್ಟೆ. ಲಸಿಕೆಗೆ ಬಂದ ಮಗುವೊಂದು ಹೆದರಿ ಅತ್ತಿತು. ಲಿಯಾವ್ ಸಿಸ್ಟರ್ ಕಪಾಟಿನಿಂದ ಫ್ಲಾಸ್ಕು ತೆಗೆದು ನನ್ನ ಮುಂದೆ ಇಟ್ಟರು. ರಿಬ್ಬನ್ ಮಾತ್ರ ಬಿಚ್ಚಿದ್ದರು.

ಇನ್ನು ಎರಡು ಕಫ ಟೆಸ್ಟ್ ಶುದ್ಧ ಬಂದರೆ ಡಾಕ್ಟರು ಕಾಗದ ಕೊಡ್ತಾರೆ. ಹಬ್ಬಕ್ಕೆ ಎರಡು ತಿಂಗಳು. ಆಗಬಹುದು. ಆಗೇ ಆಗುತ್ತದೆ.

ಮಾರ್ಚ್ 19

ಸುಯ್-ಕೀ ಊರಲ್ಲೆಲ್ಲ ಹೇಳುತ್ತಿದಾಳೆ, ಮುದುಕಿ ಸೌಟನ್ನು ಆ ಹೊರಗಿನ ಸೊಸೆಗೆ ಕೊಡ್ತಾಳೆ ನೋಡ್ತಿರಿ ಅಂತ. ಇವತ್ತು ಬಾಗಿಲಲ್ಲಿ ನಿಂತು ನನ್ನ ಸಾರಿನ ವಾಸನೆ ಹಿಡಿದಳು. ಹೆದರಬೇಕಾದ್ದು ಏನೂ ಇಲ್ಲ. ನಾನು ಮಾಡಿದ ಸಾರಿಗೆ ಅಜ್ಜಿ ಕೊಟ್ಟ ಸರ್ಟಿಫಿಕೇಟು: ಪಾತ್ರೆ ತೊಳೆದ ನೀರು, ಆದರೆ ಶುದ್ಧವಾದ ಪಾತ್ರೆ.

ಏಪ್ರಿಲ್ 3

ಮೊದಲನೇ ಕಫ ಶುದ್ಧ.

ಏಪ್ರಿಲ್ 26, ಶುಕ್ರವಾರ

ಎರಡನೆಯದೂ. ಕಾಗದ ಕೈಯಲ್ಲಿದೆ. ಅಡುಗೆಮನೆಗೆ ಹೋಗಬಹುದು, ಸೌಟು ಹಿಡಿಯಬಹುದು. ಮಾತ್ರೆ ಆಗಸ್ಟಿನವರೆಗೆ ತಪ್ಪುವಂತಿಲ್ಲ. ಅಜ್ಜಿಗೆ ಓದಿ ಹೇಳಿದೆ, ಈ ಸಲ ಒಂದೂ ಸಾಲು ಬಿಡದೆ, ಕೆಳಗಿನ ಸೀಲಿನ ಅಕ್ಷರ ಕೂಡ. ಕಾಗದವನ್ನು ಭೂಮಿಯಜ್ಜನ ಗೂಡಿನಲ್ಲಿಟ್ಟಳು. ಆಮೇಲೆ ನನ್ನ ಎರಡೂ ಕೈ ಹಿಡಿದುಕೊಂಡಳು. ಮಾಸ್ಕ್ ಒಳಗೆಲ್ಲ ಒದ್ದೆಯಾಯಿತು ನನಗೆ.

ದೇವಸ್ಥಾನದವರಿಗೆ ಏನು ಹೇಳ್ತೀರಿ ಎಂದು ಕೇಳಿದೆ. ಕಾಲು ನೋವು ವಾಸಿಯಾಯ್ತು ಅಂತೀನಿ ಅಂದಳು. ಟೀಬಿ ಅಂದರೆ ನಾನು ಹಾಕಿದ ಶ್ಯಾವಿಗೆ ಯಾರು ಮುಟ್ತಾರೆ ಅಂತ. ಅದೂ ಸರಿಯೇ. ಹಬ್ಬದ ದಿನ ಏಳು ಹತ್ತಕ್ಕೆ ಸಂದಿಯಲ್ಲಿ ನಿಂತು ಗುಟ್ಟಾಗಿ ಮಾತ್ರೆ ಕೊಡೋದು ಎಂದು ಮಾತಾಯಿತು.

ಮೇ 2, ಗುರುವಾರ. ಮೂರನೇ ತಿಂಗಳ ಇಪ್ಪತ್ತಮೂರು. ಬೆಳಿಗ್ಗೆ 6:35

ದೇವಸ್ಥಾನದ ಮೆಟ್ಟಿಲ ಮೇಲೆ ಕೂತು ಬರೀತಿದೀನಿ. ಮನೆಗೆ ಹೋಗುವ ತನಕ ತಡೆಯೋಕೆ ಆಗಲ್ಲ.

ಅಜ್ಜಿ ಕಡಾಯಿ ಮುಂದೆ ನಿಂತಿದಾಳೆ! ತಲೆಗೆ ಬಿಳಿ ಬಟ್ಟೆ, ಮೊಣಕೈವರೆಗೂ ಏರಿಸಿದ ತೋಳು. ನಾಲ್ಕು ಗಂಟೆಗೇ ಬಂದಳಂತೆ. ಸುಯ್-ಕೀ ಸೌಟು ಹಿಡಿದು ಕಾಯುತ್ತಿದ್ದಳಂತೆ, ಕೊಡಲೋ ಬೇಡವೋ ಅಂತ. ಅಜ್ಜಿ ಕೈ ಚಾಚಿದಳು. ಸುಯ್-ಕೀ ಕೊಟ್ಟಳು. ಈಗ ಈರುಳ್ಳಿ ಹೆಚ್ಚುತ್ತ ಪಕ್ಕದಲ್ಲೇ ಇದಾಳೆ, ಬಾಯಿ ನಿಂತಿಲ್ಲ, ಆದರೂ ಹೆಚ್ಚುತ್ತಿದಾಳೆ.

ಹುರಿದ ಈರುಳ್ಳಿಯ ಘಮ ಮೆಟ್ಟಿಲವರೆಗೂ ಬಂತು. ಬಣ್ಣ ಬರುವ ಮೊದಲೇ ಇಳಿಸಿದಳು, ನೋಡಿದೆ.

6:55. ಸಾಲು ಗೇಟು ದಾಟಿ ರಸ್ತೆಗೆ ಹೋಗಿದೆ. ಇನ್ನೂರು ಜನ ಇರಬಹುದು. ಬಟ್ಟಲು ಹಿಡಿದುಕೊಂಡು ಅಜ್ಜಿಯ ಹೆಸರು ಹಿಡಿದೇ ಮಾತಾಡಿಸ್ತಾರೆ — ಕಾಲು ಹೇಗಿದೆ? ಕಾಲು ಹೇಗಿದೆ? ಅಜ್ಜಿ ಏನೂ ಹೇಳದೆ ಶ್ಯಾವಿಗೆ ಹಾಕುತ್ತಿದಾಳೆ. ಸುಳ್ಳು ಹೇಳಬೇಕಾದಾಗೆಲ್ಲ ಕಡಾಯಿ ಕಡೆ ನೋಡ್ತಾಳೆ.

ಸಂತೋಷಕ್ಕೆ ಅಕ್ಷರ ಸೊಟ್ಟ ಬರ್ತಿದೆ. ನಾನೂ ಒಂದು ಬಟ್ಟಲು...

ಕೂಗ್ತಿದಾಳೆ. ನನ್ನನ್ನೇ. ಪೂಜೆ ಮೈಕು ಅಡುಗೆಮನೆ ಕಂಬದ ಹತ್ತಿರ ಇದೆ, ಅದನ್ನು ಎಳೆದುಕೊಂಡು ಅದರಲ್ಲೇ.

"ಲಾನ್! ಎಲ್ಲಿದೀಯೇ? ಏಳು ಹತ್ತಾಯ್ತು. ನನ್ನ ಟೀಬಿ ಮಾತ್ರೆ ತಾ!"

ಟೀಬಿ ಅಂದಳು. ಮೈಕಿನಲ್ಲಿ. ಇಡೀ ಸಾಲು ನಿಂತುಬಿಟ್ಟಿದೆ. ಎಲ್ಲರೂ ನನ್ನ ಕಡೆ, ಅಜ್ಜಿ ಕಡೆ. "ಏನು ನೋಡ್ತೀರಿ? ಕಾಲು ನೋವು ಅಂದದ್ದು ಸುಳ್ಳು. ತಾಯಿ ಹುಟ್ಟಿದ ದಿನ ಎಷ್ಟು ಸಲ ಸುಳ್ಳು ಹೇಳ್ಲಿ? ಡಾಕ್ಟ್ರು ಕಾಗದ ಕೊಟ್ಟಿದಾರೆ, ಯಾರಿಗೂ ಅಂಟಲ್ಲ. ಬೇಕಾದವರು ಬಟ್ಟಲು ಹಿಡೀರಿ, ಬೇಡದವರು ಪಕ್ಕಕ್ಕೆ ಹೋಗಿ, ಸಾರು ಆರುತ್ತೆ." ಯಾರೂ ಅಲುಗುತ್ತಿಲ್ಲ.

ಸುಯ್-ಕೀ. ಸುಯ್-ಕೀ ಚಾಕು ಕೆಳಗಿಟ್ಟು ಬಟ್ಟಲು ತಗೊಂಡಳು. ಮುಂದೆ ಚಾಚಿದಳು. ಅಜ್ಜಿ ಹಾಕಿದಳು. ಅಲ್ಲೇ ನಿಂತು ಕುಡಿದಳು, ಉಪ್ಪು ಕಡಿಮೆ ಅಂದಳು. ಸಾಲು ಮುಂದೆ ಸರಿಯಿತು.

ಮತ್ತೆ ಕೂಗಿದಳು. ಬಂದೆ ಅಜ್ಜಿ, ಬಂದೆ. ಬ್ಯಾಗಿನಲ್ಲಿ ಫ್ಲಾಸ್ಕು ಇದೆ, ಟಿಕ್ ಹಾಕುವ ಪುಸ್ತಕ ಇದೆ, ಮಾಸ್ಕ್ ಇದೆ. ಮಾತ್ರೆ —

ಮರೆಯಬಾರದು ಅಂತ ರಾತ್ರಿ ನನ್ನ ಮನೆ ಕ್ಯಾಲೆಂಡರಿಗೇ ಪಿನ್ ಮಾಡಿ... ಇವತ್ತು ಖುಷಿಯಲ್ಲಿ ಹಾಳೆ ಹರಿಯದೇ ಬಂದೆ. ಸ್ಕೂಟರ್ ಕೀ ಎಲ್ಲಿ, ಹತ್ತು ನಿಮಿಷ ಅಜ್ಜಿ, ಹತ್ತೇ